ಟೀಚರ್‌ಗೊಂದು ಪತ್ರ: ಏಳು ಜಾಗದ ಪಟ್ಟಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಿಷಯದವು. ಮಕ್ಕಳನ್ನು ಕರೆದುಕೊಂಡು ಕೊಡಗಿನಲ್ಲಿ ಎಲ್ಲಿಗೆ ಹೋಗಲಿ, ಏನು ತೋರಿಸಲಿ? ದಸರಾ ರಜೆ ಹತ್ತಿರ ಬಂತಲ್ಲ. ಹಾಗಾಗಿ ಪರೀಕ್ಷೆ, ಓದು, ಹಟಮಾರಿ ಮಕ್ಕಳ ವಿಚಾರ ಎಲ್ಲವನ್ನೂ ಮುಂದಿನ ತಿಂಗಳಿಗೆ ಇಟ್ಟು ಈ ಸಲ ತಿರುಗಾಟದ ಪತ್ರಗಳನ್ನೇ ಕೈಗೆತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಎರಡು ಸಾಲಿನಲ್ಲಿ: ಹುಟ್ಟಿದ್ದು ಶನಿವಾರಸಂತೆ ಕಡೆ, ಕೊಡಗಿನ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ಪಾಠ ಮಾಡಿದೆ, ಈಗ ಮಡಿಕೇರಿಯಲ್ಲಿ ಮನೆ.

ಪ್ರಶ್ನೆ: ಟೀಚರ್, ರಜೆಯಲ್ಲಿ ಎರಡು ದಿನ ಕೊಡಗಿಗೆ ಬರುತ್ತಿದ್ದೇವೆ. ನಾನು, ಯಜಮಾನರು, 6 ಮತ್ತು 11 ವರ್ಷದ ಮಕ್ಕಳು, ಜೊತೆಗೆ ಮಂಡಿನೋವಿರುವ ಅತ್ತೆ. ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಅಬ್ಬಿ ಜಲಪಾತ, ರಾಜಾಸೀಟ್, ಮಾಂದಲಪಟ್ಟಿ, ತಲಕಾವೇರಿ ಎಂದು ಏಳು ಜಾಗದ ಪಟ್ಟಿ ಮಾಡಿದ್ದೇವೆ. ಯಾವುದನ್ನು ಮೊದಲು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಲಿ? — ಓದುಗಿ, ಮೈಸೂರು

ಉತ್ತರ: ತಂಗಿ, ನಿಮ್ಮ ಪಟ್ಟಿಯನ್ನು ಮಡಚಿ ಡಬ್ಬಿಯೊಳಗಿಡಿ. ಮುಂದಿನ ಮೂರು ವರ್ಷಕ್ಕೆ ಆಗುತ್ತದೆ.

ಏಳನ್ನೂ ಎರಡು ದಿನದಲ್ಲಿ ಮುಗಿಸುವವರಿದ್ದಾರೆ, ದಿನಾ ನೋಡುತ್ತೇನೆ. ಸಂಜೆ ಆರಕ್ಕೆ ರಾಜಾಸೀಟಿನ ಮುಂದೆ ಗಾಡಿ ನಿಂತಾಗ ಇಳಿಯುವ ಮಕ್ಕಳ ಮುಖ ನೋಡಿದರೆ ಸಾಕು. ಒಬ್ಬನಿಗೆ ತಿರುವಿನ ದಾರಿಯಲ್ಲಿ ವಾಂತಿಯಾಗಿ ಮುಖ ಬಾಡಿದೆ, ಇನ್ನೊಬ್ಬಳಿಗೆ ನಿದ್ದೆಯಿಂದ ಎಬ್ಬಿಸಿದ ಸಿಟ್ಟು. ಅಪ್ಪ ಮಾತ್ರ ಫೋಟೋ ತೆಗೆಯಬೇಕು, ಕತ್ತಲಾಗುತ್ತದೆ ಎಂದು ಅವಸರ ಮಾಡುತ್ತಿರುತ್ತಾರೆ. ಲೆಕ್ಕ ಹಾಕಿ ನೋಡಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಮಡಿಕೇರಿಯಿಂದ ತಲಕಾವೇರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ ಇನ್ನೊಂದು 100, ಅದೂ ಘಟ್ಟದ ದಾರಿ. ಮಾಂದಲಪಟ್ಟಿಗೆ ಜೀಪು. ಆ ಜೀಪಿನ ಕುಲುಕಾಟ ಮಂಡಿನೋವಿನವರಿಗೆ ಬೇಡವೇ ಬೇಡ. ಅಬ್ಬಿಗೆ ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವುದು ಸುಲಭ, ಹತ್ತುವಾಗ ನಿಮ್ಮತ್ತೆ ಬಾಯಿಬಿಟ್ಟು ಹೇಳದಿದ್ದರೂ ಮುಖ ಹೇಳುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೊರಟು ಬೈಲಕುಪ್ಪೆಯಲ್ಲಿ ಇಳಿಯಿರಿ. ಅದು ಕುಶಾಲನಗರಕ್ಕೆ ಮೊದಲೇ ಸಿಗುತ್ತದೆ, ಜಿಲ್ಲೆ ಇನ್ನೂ ಮೈಸೂರೇ. ನೀವು ಗೋಲ್ಡನ್ ಟೆಂಪಲ್ ಎನ್ನುವುದು ನಮ್‌ಡ್ರೋಲಿಂಗ್ ಮಠದ ದೇವಾಲಯ. ಟಿಬೆಟ್ ಬಿಟ್ಟು ಬಂದ ಪೆನೋರ್ ರಿನ್‌ಪೊಚೆ ಅವರು 1963ರಲ್ಲಿ ಕಟ್ಟಿದ ಮಠ ಅದು. ಒಳಗೆ ಮೂರು ಚಿನ್ನದ ಬಣ್ಣದ ಮೂರ್ತಿಗಳು: ನಡುವೆ ಬುದ್ಧ 60 ಅಡಿ, ಎರಡು ಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್ 58 ಅಡಿ. ದೊಡ್ಡ ಮಗುವಿಗೆ ಒಂದು ಕೆಲಸ ಕೊಡಿ. ತನ್ನ ಎತ್ತರ ಎಷ್ಟು ಅಡಿ, ತನ್ನಂಥವರು ಎಷ್ಟು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೆ ಬುದ್ಧನ ಹಣೆ ಮುಟ್ಟಬಹುದು ಎಂದು ಲೆಕ್ಕ ಹಾಕಲಿ. ಚಿಕ್ಕದಕ್ಕೆ ಗೋಡೆಯ ಚಿತ್ರಗಳಲ್ಲಿ ಎಷ್ಟು ಪ್ರಾಣಿ ಇವೆ ಹುಡುಕು ಎನ್ನಿ. ಅತ್ತೆಯವರು ನೆರಳಿನಲ್ಲಿ ಕೂರಬಹುದು, ಅಂಗಳ ಸಮತಟ್ಟು. ಎರಡು ತಾಸು ಅಲ್ಲೇ ಇರಿ. ಊಟ ಮಾಡಿ ಮಡಿಕೇರಿಗೆ ಬಂದು ಮಕ್ಕಳು ಒಂದು ನಿದ್ದೆ ಮಾಡಲಿ. ಇಳಿಹೊತ್ತಿಗೆ ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗಿ.

1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಈ ಶಿವನ ಗುಡಿಗೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಗುಡಿ ಯಾಕೆ ಹೀಗಿದೆ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ತಕ್ಷಣ ಉತ್ತರ ಹೇಳಬೇಡಿ. ಮರುದಿನ ಬೆಳಿಗ್ಗೆ ಊರಿನ ಆಚೆ ಗದ್ದಿಗೆಗೆ ಕರೆದುಕೊಂಡು ಹೋಗಿ. ಅಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹಾದೇವಮ್ಮ, ಲಿಂಗರಾಜೇಂದ್ರ ಮತ್ತು ದೇವಮ್ಮಾಜಿ ಇವರ ಸಮಾಧಿಗಳಿವೆ. ಅಲ್ಲೂ ಅದೇ ಗುಮ್ಮಟ, ಆದರೆ ಮೂಲೆಯಲ್ಲಿ ನಂದಿ ಕೂತಿದ್ದಾನೆ. ಕೊಡಗನ್ನು ಆಳಿದ ಈ ಹಾಲೇರಿ ಅರಸರು ವೀರಶೈವರು, ಅವರು ಕಟ್ಟಿಸಿದ್ದಕ್ಕೆ ಶೈಲಿ ಮಾತ್ರ ಸುತ್ತಲಿನ ಎಲ್ಲ ಕಡೆಯಿಂದ ಬಂತು. ಮಕ್ಕಳು ಎರಡು ಕಟ್ಟಡವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಇದು ಅವರಿಗೇ ಹೊಳೆಯುತ್ತದೆ. ಅಲ್ಲೇ ಹತ್ತಿರ ಟಿಪ್ಪುವಿನ ಸೈನ್ಯದೊಡನೆ ಹೋರಾಡಿ ಮಡಿದ ಅರಸರ ಅಧಿಕಾರಿ ಬಿದ್ದಂಡ ಬೋಪು ಅವರ ಸಮಾಧಿಯೂ ಇದೆ. ಅರಸನ ಪಕ್ಕದಲ್ಲಿ ಸೇವಕನಿಗೂ ಜಾಗ ಕೊಟ್ಟಿದ್ದಾರೆ, ಅದನ್ನು ತೋರಿಸಲು ಮರೆಯಬೇಡಿ.

ಆಮೇಲೆ ಕೋಟೆ. ಮಧ್ಯಾಹ್ನದ ಊಟ ಮುಗಿಸಿ ಮೈಸೂರಿನ ದಾರಿ ಹಿಡಿಯಿರಿ. ನಿಸರ್ಗಧಾಮ ದಾರಿಯಲ್ಲೇ ಇದೆ. ಮಕ್ಕಳಿಗೆ ತ್ರಾಣ ಉಳಿದಿದ್ದರೆ ತೂಗುಸೇತುವೆ ದಾಟಿ ಬಿದಿರು ಮೆಳೆಯ ಕೆಳಗೆ ಅರ್ಧ ತಾಸು. ಉಳಿಯದಿದ್ದರೆ ಬಿಟ್ಟುಬಿಡಿ.

ಒಂದು ಎಚ್ಚರಿಕೆ ಹೇಳಲೇಬೇಕು. ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಹತ್ತು ದೇವಸ್ಥಾನಗಳ ಅಲಂಕರಿಸಿದ ಮಂಟಪಗಳು ಮೆರವಣಿಗೆ ಹೊರಡುತ್ತವೆ. ಬೆಳಗಿನ ಜಾವದವರೆಗೆ ಊರು ಮಲಗುವುದಿಲ್ಲ. ನೋಡಲೆಂದೇ ಬರುವುದಾದರೆ ಬಲು ಚೆಂದ. ಶಾಂತವಾಗಿ ತಿರುಗಬೇಕೆಂದಿದ್ದರೆ ಆ ಎರಡು ದಿನ ಬಿಟ್ಟು ಬನ್ನಿ. ಹಾಗೆಯೇ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥೋದ್ಭವ. ಭಕ್ತರಿಗೆ ಅದು ವರ್ಷಕ್ಕೊಮ್ಮೆಯ ದಿನ, ಜಾಗ ನೋಡಲು ಹೋಗುವವರು ಇನ್ನೊಂದು ದಿನ ಹೋಗುವುದು ಒಳ್ಳೆಯದು.

ಪ್ರಶ್ನೆ: ಮಗನಿಗೆ 10 ವರ್ಷ. ಮ್ಯೂಸಿಯಂ ಎಂದರೆ ಸಾಕು, ಬೋರ್ ಅಪ್ಪಾ ಎನ್ನುತ್ತಾನೆ. ಹತ್ತು ನಿಮಿಷಕ್ಕೆ ಹೊರಗೆ ಬರುತ್ತಾನೆ. ಮಡಿಕೇರಿಯಲ್ಲಿ ಎರಡು ಮ್ಯೂಸಿಯಂ ಇದೆಯಂತೆ. ಕರೆದುಕೊಂಡು ಹೋಗುವುದರಲ್ಲಿ ಅರ್ಥವಿದೆಯೇ? — ಓದುಗ, ಹಾಸನ

ಉತ್ತರ: ಇದೆ. ಹುಡುಗನನ್ನು ಬೈಯಬೇಡಿ. ಗಾಜಿನ ಪೆಟ್ಟಿಗೆಯೊಳಗೆ ನೂರು ವಸ್ತು ಇಟ್ಟು ನೂರನ್ನೂ ನೋಡು ಎಂದರೆ ದೊಡ್ಡವರಿಗೂ ಕಾಲು ನೋಯುತ್ತದೆ. ಒಳಗೆ ಹೋಗುವ ಮೊದಲೇ ಅವನ ತಲೆಯಲ್ಲಿ ಒಂದು ಪ್ರಶ್ನೆ ಇರಬೇಕು.

ನಾನು ಹೇಗೆ ಮಾಡುತ್ತಿದ್ದೆ ಹೇಳುತ್ತೇನೆ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುವ ಹಿಂದಿನ ದಿನ ತರಗತಿಗೆ ಒಂದು ಒಡಿಕತ್ತಿ ತರಿಸುತ್ತಿದ್ದೆ. ನಮ್ಮ ಶಾಲೆಯ ಕೊಡವ ಮೇಷ್ಟ್ರೊಬ್ಬರ ಮನೆಯದು. ಅದು ಅಗಲ ಅಲಗಿನ, ಕುಡುಗೋಲಿನ ಹಾಗೆ ಬಾಗಿದ ಕತ್ತಿ. ಅದನ್ನು ಸೊಂಟದ ಪಕ್ಕದಲ್ಲಿ ಕಟ್ಟುವುದಿಲ್ಲ. ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಕ್ಕೆಗೆ ಸಿಕ್ಕಿಸುತ್ತಾರೆ, ಅಲಗಿಗೆ ಒರೆಯೇ ಇಲ್ಲ. ಮೇಷ್ಟ್ರು ಕುಪ್ಯಚೇಲೆ (ಕೊಡವರ ಉದ್ದ ಕೋಟು, ನಡುಪಟ್ಟಿ) ಹಾಕಿ ಬೆನ್ನು ತಿರುಗಿಸಿ ನಿಂತಾಗ ತರಗತಿ ಗಪ್‌ಚಿಪ್. ನಾನು ಕೇಳುತ್ತಿದ್ದುದು ಇಷ್ಟೇ: ಬರಿ ಅಲಗು ಬೆನ್ನಿಗಿದೆ, ಓಡಬೇಕು, ಗುಡ್ಡ ಹತ್ತಬೇಕು, ಕಾಡಿನಲ್ಲಿ ಬಾಗಿ ನುಗ್ಗಬೇಕು, ಹಿಂದಕ್ಕೆ ಕೈ ಹಾಕಿ ಕ್ಷಣದಲ್ಲಿ ಎಳೆಯಬೇಕು, ಬೆನ್ನು ಮಾತ್ರ ಕೊಯ್ಯಬಾರದು. ಹೇಗೆ? ಮರುದಿನ ಮ್ಯೂಸಿಯಂನ ಆಯುಧಗಳ ಮುಂದೆ ಅದೇ ಮಕ್ಕಳು ಕದಲುತ್ತಿರಲಿಲ್ಲ. ಹಿಡಿ ಯಾವ ಕಡೆ ಬಾಗಿದೆ, ಚೂಪು ಯಾವ ಕಡೆ ಇದೆ ಎಂದು ಜಗಳವಾಡುತ್ತಿದ್ದರು.

ನಿಮ್ಮ ಹುಡುಗನಿಗೆ ಮೊದಲು ಜನರಲ್ ತಿಮ್ಮಯ್ಯ ಮ್ಯೂಸಿಯಂ ತೋರಿಸಿ. ‘ಸನ್ನಿ ಸೈಡ್’ ಎಂಬ ಅವರ ಬಾಲ್ಯದ ಮನೆಯನ್ನೇ ಮ್ಯೂಸಿಯಂ ಮಾಡಿ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಹೊರಗೆ ಯುದ್ಧವಿಮಾನ, ಟ್ಯಾಂಕ್ ನಿಂತಿವೆ. ಅವನ ಕಾಲು ಅಲ್ಲೇ ನಿಲ್ಲುತ್ತದೆ, ನಿಲ್ಲಲಿ ಬಿಡಿ. ಆದರೆ ಒಳಗೆ ಹೋದ ಮೇಲೆ ಇದು ಮನೆ ಎಂಬುದನ್ನು ನೆನಪಿಸಿ. ಈ ಮನೆಯ ಹುಡುಗನೊಬ್ಬ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥನಾದ. ಅದಕ್ಕೆ ಮೊದಲು, ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಕೈದಿಗಳ ವಿಚಾರ ನೋಡಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷನಾಗಿದ್ದ. ಕೊನೆಗೆ 1965ರಲ್ಲಿ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕನಾಗಿರುವಾಗಲೇ ತೀರಿಕೊಂಡ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರದೂ ಇವರದೂ ಒಂದೇ ಒಕ್ಕ (ಮನೆತನ), ಕೊಡಂದೇರ. ಸಿಪಾಯಿಯ ಅತಿ ದೊಡ್ಡ ಕೆಲಸ ಜಗಳ ನಿಲ್ಲಿಸುವುದು ಎಂದು ಆ ಮನೆಯೊಳಗೆ ನಿಂತು ಮಗನಿಗೆ ಹೇಳಿ.

ಕೋಟೆಯ ಮ್ಯೂಸಿಯಂ ಇರುವುದು 1855ರಲ್ಲಿ ಬ್ರಿಟಿಷರು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಸೋಮವಾರ ರಜೆ. ಒಳಗೆ ಹೋಗುವ ಮುಂಚೆ ಹೊರಗೆ ಅಂಗಳದಲ್ಲಿ ನಿಲ್ಲಿ. ಹಾಲೇರಿ ಅರಸ ಮುದ್ದುರಾಜ 17ನೇ ಶತಮಾನದಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಗೆ ಹೊಸ ರೂಪ ಕೊಟ್ಟ. ಬ್ರಿಟಿಷರು ಚರ್ಚು ಕಟ್ಟಿದರು. ಸ್ವಾತಂತ್ರ್ಯದ ನಂತರ ಅದೇ ಅರಮನೆಯಲ್ಲಿ ಜಿಲ್ಲಾಧಿಕಾರಿ ಕಚೇರಿ ನಡೆಯಿತು. ಗಾರೆಯ ಎರಡು ಆನೆಗಳು ಮಾತ್ರ ಯಾರು ಬಂದರೂ ಹೋದರೂ ಹಾಗೇ ನಿಂತಿವೆ. ನಿಜ ಆನೆಯ ಅಳತೆ. ಮಗ ಸೊಂಡಿಲಿನಿಂದ ಬಾಲದವರೆಗೆ ಹೆಜ್ಜೆ ಹಾಕಿ ಅಳೆಯಲಿ. 1837ರಲ್ಲಿ, ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇದೇ ಕೋಟೆಯ ಬಳಿ ಎಲ್ಲರ ಎದುರು ಗಲ್ಲಿಗೇರಿಸಿದರು. 1857ಕ್ಕೆ 20 ವರ್ಷ ಮೊದಲು. ಪಠ್ಯಪುಸ್ತಕದಲ್ಲಿ 1857 ಓದುವ ಮಕ್ಕಳಿಗೆ ಈ ಒಂದು ಸಂಗತಿ ಅಂಗಳದಲ್ಲೇ ಹೇಳಿದರೆ ಬದುಕಿರುವ ತನಕ ಮರೆಯುವುದಿಲ್ಲ.

ಒಂದು ಪೆನ್ಸಿಲ್, ಒಂದು ಖಾಲಿ ಹಾಳೆ ಕೊಡಿ. ಒಂದೇ ಒಂದು ವಸ್ತು ಆರಿಸಿ ಬಿಡಿಸು ಎನ್ನಿ. ಮೊಬೈಲು ನಿಮ್ಮ ಜೇಬಿನಲ್ಲೇ ಇರಲಿ.

ಪ್ರಶ್ನೆ: ನಾಲ್ಕುನಾಡು ಅರಮನೆಗೆ ಹೋಗಿ ಬಂದೆವು. ಹಿಂತಿರುಗುವಾಗ 9 ವರ್ಷದ ಮಗಳು, ‘ಅಮ್ಮಾ, ಕೊನೆಯ ರಾಜ ಒಳ್ಳೆಯವನಾ ಕೆಟ್ಟವನಾ?’ ಎಂದಳು. ನನಗೆ ಉತ್ತರ ಬರಲಿಲ್ಲ. — ಓದುಗಿ, ತುಮಕೂರು

ಉತ್ತರ: ನಿಮ್ಮ ಮಗಳ ಪ್ರಶ್ನೆಗೆ ನಾನೂ 31 ವರ್ಷ ತಡಕಾಡಿದ್ದೇನೆ, ಅಮ್ಮಾ. ಉತ್ತರ ಬರಲಿಲ್ಲವೆಂದು ನೊಂದುಕೊಳ್ಳಬೇಡಿ.

ಮೊದಲು ಆ ಮನೆಯ ಕಥೆ. ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ. 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು ರಾಜ್ಯ ಮರಳಿ ಪಡೆದ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬ್ಬೆಯ ಯವಕಪಾಡಿಯಲ್ಲಿ, 1792ರಿಂದ 1794ರ ನಡುವೆ ಈ ಅರಮನೆ ಕಟ್ಟಿಸಿದ. ಸೆರೆಯ ರುಚಿ ಕಂಡವನು ಕಟ್ಟಿಸಿದ ಮನೆ ಎಂದು ತಿಳಿದು ನೋಡಿದರೆ ಆ ಇಕ್ಕಟ್ಟು ಮೆಟ್ಟಿಲು, ಕತ್ತಲೆ ಕೋಣೆಗಳಿಗೆ ಅರ್ಥ ಬರುತ್ತದೆ. ಮುಂದಿನ ಪುಟ್ಟ ಮಂಟಪವನ್ನು ನೀವು ನೋಡಿರುತ್ತೀರಿ, 1796ರಲ್ಲಿ ಅವನಿಗೂ ಮಹಾದೇವಮ್ಮನಿಗೂ ಮದುವೆಯಾದದ್ದು ಅಲ್ಲಿ. ಹೆದರಿಕೆಯೂ ಸಂಭ್ರಮವೂ ಒಂದೇ ಅಂಗಳದಲ್ಲಿದ್ದ ಮನೆ.

ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷ್ ಪಡೆ ಬಂದಾಗ ಇಲ್ಲಿ ಆಸರೆ ಪಡೆದಿದ್ದ. ಅವನು ಬಂಧುಗಳನ್ನೇ ಕೊಲ್ಲಿಸಿದ, ಸ್ವಂತ ತಂಗಿ ದೇವಮ್ಮಾಜಿಯೂ ಅವಳ ಗಂಡ ಚನ್ನಬಸಪ್ಪನೂ ಜೀವ ಉಳಿಸಿಕೊಳ್ಳಲು ಬ್ರಿಟಿಷರ ಬಳಿಗೆ ಓಡಿದರು. ಇದನ್ನು ಮುಚ್ಚಿಡಬೇಡಿ. ಅವನ ಕ್ರೌರ್ಯದ ಕಥೆಗಳನ್ನು ಎತ್ತಿ ಬರೆದವರಲ್ಲಿ ಅವನ ರಾಜ್ಯವನ್ನು ಕಸಿದುಕೊಂಡವರೂ ಇದ್ದರು. ಇದನ್ನೂ ಹೇಳಿ. ರಾಜ್ಯ ಹೋಯಿತು, ಅವನನ್ನು ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನ ಕೈಹಿಡಿದು ಲಂಡನ್ನಿಗೆ ಹೋದ. ಆಗ ಹುಡುಗಿಗೆ 11 ವರ್ಷ, ನಿಮ್ಮ ಮಗಳಿಗಿಂತ ಎರಡೇ ವರ್ಷ ದೊಡ್ಡವಳು. ಅವಳನ್ನು ಕ್ರೈಸ್ತ ಮತಕ್ಕೆ ಸೇರಿಸಿದರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅರಸ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಲಂಡನ್ನಿನ ನ್ಯಾಯಾಲಯದಲ್ಲಿ ತನ್ನ ಹಣಕ್ಕಾಗಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಗೌರಮ್ಮನೂ 1864ರಲ್ಲಿ, ತುಂಬು ಯೌವನದಲ್ಲಿ ಹೋದಳು. ತಂದೆ ಮತ್ತೆ ಕೊಡಗಿನ ಮಣ್ಣು ತುಳಿಯಲಿಲ್ಲ, ಮಗಳು ಒಮ್ಮೆಯೂ ತುಳಿಯಲಿಲ್ಲ.

ಮಗಳಿಗೆ ಇಷ್ಟು ಹೇಳಿ, ತೀರ್ಪು ಅವಳಿಗೇ ಬಿಡಿ. ನನ್ನ ತರಗತಿಯಲ್ಲಿ ಈ ಪಾಠ ಮುಗಿದ ದಿನ ಹುಡುಗರು ರಾಜನ ಬಗ್ಗೆ ಕೇಳುತ್ತಿದ್ದರು. ಹುಡುಗಿಯರು ತಪ್ಪದೆ ಗೌರಮ್ಮನ ಬಗ್ಗೆಯೇ ಕೇಳುತ್ತಿದ್ದರು: ‘ಅವಳಿಗೆ ಅಲ್ಲಿ ಕನ್ನಡ ಮಾತಾಡಲು ಯಾರಿದ್ದರು ಟೀಚರ್?’

ಪ್ರಶ್ನೆ: ದುಬಾರೆಯಲ್ಲಿ 5 ವರ್ಷದ ಮಗುವಿನ ಕೈಯಲ್ಲಿ ಆನೆ ತೊಳೆಸಬಹುದೇ? — ಓದುಗ, ಬೆಂಗಳೂರು

ಉತ್ತರ: ಬೇಡ. ದಡದಲ್ಲಿ ನಿಂತು ನೋಡಲಿ, ಅದೇ ಬೇಕಾದಷ್ಟು. ಪಳಗಿದ ಆನೆಯೂ ಆನೆಯೇ, ನೀರಿನಲ್ಲಿ ಮಗ್ಗುಲು ಬದಲಿಸಿದರೆ ಅದಕ್ಕೆ ನಿಮ್ಮ ಮಗು ಕಾಣುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಸ್ನಾನ ಆಗ. ನದಿ ದಾಟಲು ದೋಣಿ, ಲೈಫ್ ಜಾಕೆಟ್ ಹಾಕದೆ ಹತ್ತಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ ಮೇಲೆ ನಡೆದು ದಾಟುವವರಿದ್ದಾರೆ, ಪಾಚಿ ಜಾರುತ್ತದೆ, ಮಗುವನ್ನು ಎತ್ತಿಕೊಂಡು ಆ ಸಾಹಸ ಮಾಡಬೇಡಿ. ಸ್ನಾನವಾದ ಮೇಲೆ ರಾಗಿಮುದ್ದೆ, ಬೆಲ್ಲ ತಿನ್ನಿಸುವುದನ್ನು ನೋಡಲು ನಿಲ್ಲಿ. ಮಾವುತರು, ಕಾವಾಡಿಗಳು ಹೆಚ್ಚಿನವರು ಜೇನುಕುರುಬರು. ಅವರು ಆನೆಯೊಡನೆ ಆಡುವ ಮಾತನ್ನು ಮಗು ಕಿವಿಗೊಟ್ಟು ಕೇಳಲಿ. ಮೈಸೂರು ದಸರೆಯ ಮೆರವಣಿಗೆಗೆ ಇಲ್ಲಿಂದಲೂ ಆನೆಗಳು ಹೋಗುತ್ತವೆ. ದಸರಾ ಹೊತ್ತಿಗೆ ಶಿಬಿರದಲ್ಲಿ ಆನೆ ಕಡಿಮೆ ಕಂಡರೆ ಅದಕ್ಕೆ.

ಪ್ರಶ್ನೆ: ನಮಗೆ ರಜೆ ಸಿಗುವುದೇ ಜುಲೈ ಕೊನೆ, ಆಗಸ್ಟ್ ಮೊದಲು. ಮಳೆಯಲ್ಲಿ ಮಕ್ಕಳೊಂದಿಗೆ ಕೊಡಗು ಬೇಡವೇ? — ಓದುಗಿ, ಧಾರವಾಡ

ಉತ್ತರ: ಜಲಪಾತ, ಗುಡ್ಡ, ಹೊಳೆದಂಡೆ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ತೋಟ, ರಸ್ತೆ ಒಟ್ಟಿಗೇ ಹೋದುದನ್ನು ನಾವು ಕಣ್ಣಾರೆ ಕಂಡವರು. ಜಿಲ್ಲಾಡಳಿತ ರೆಡ್ ಅಲರ್ಟ್ ಎಂದ ದಿನ ಲಾಡ್ಜಿನ ಹಣ ಹೋದರೂ ಹೊರಡಬೇಡಿ.

ಮಳೆ ಹದವಾಗಿದ್ದರೆ ಬನ್ನಿ. ಮ್ಯೂಸಿಯಂಗಳು ಆಗ ಖಾಲಿ. ಕೊಡವರ ಕಕ್ಕಡ ಮಾಸದ 18ನೇ ದಿನ, ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದು ಪಾಯಸ ಮಾಡುತ್ತಾರೆ. ಮದ್ದುಸೊಪ್ಪು ಎಂಬ ಕಾಡುಗಿಡಕ್ಕೆ ಅಂದು 18 ಬಗೆಯ ಔಷಧ ಗುಣ ಕೂಡುತ್ತದೆ ಎಂಬುದು ನಂಬಿಕೆ. ಹಸಿರು ಸೊಪ್ಪನ್ನು ಕುದಿಸುತ್ತಿದ್ದಂತೆ ನೀರು ನೇರಳೆಗೆ ತಿರುಗುತ್ತದೆ. ಒಲೆ ಮುಂದೆ ಮಕ್ಕಳನ್ನು ಕೂರಿಸಿ ಆ ಬಣ್ಣ ಏರುವುದನ್ನು ತೋರಿಸಿ. ಯಾವ ಪ್ರಯೋಗಾಲಯವೂ ಅಷ್ಟು ಚೆನ್ನಾಗಿ ತೋರಿಸುವುದಿಲ್ಲ. ಮರುದಿನ ಮೂತ್ರ ಕೆಂಪಾಗುತ್ತದೆ, ಗಾಬರಿಯಾಗಬೇಡಿ, ಮಕ್ಕಳಿಗೂ ಮೊದಲೇ ಹೇಳಿಡಿ. ತೋಟಕ್ಕೆ ಕಾಲಿಡುವುದಾದರೆ ಜಿಗಣೆಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳಿ. ಹತ್ತಿದ ಜಿಗಣೆಯನ್ನು ಎಳೆಯಬೇಡಿ, ಗಂಟನ್ನು ತಾಗಿಸಿದರೆ ತಾನೇ ಬೀಳುತ್ತದೆ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ದುಡ್ಡಿಲ್ಲದೆ ಇಡೀ ಮನೆಮಂದಿ ಕೂತು ನೋಡುವಂಥದ್ದು ಏನಾದರೂ? — ಓದುಗ, ಪಿರಿಯಾಪಟ್ಟಣ

ಉತ್ತರ: ಕೊಡವ ಹಾಕಿ ನಮ್ಮೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ ಕುಟುಂಬಗಳ ಹಾಕಿ ಪಂದ್ಯ. ಪ್ರತಿ ವರ್ಷ ಒಂದೊಂದು ಒಕ್ಕದವರು ನಡೆಸುತ್ತಾರೆ, ನೂರಾರು ತಂಡ ಬರುತ್ತವೆ. ಒಂದೇ ತಂಡದಲ್ಲಿ ಚಿಕ್ಕಪ್ಪ, ಅತ್ತೆ, ಶಾಲೆಗೆ ಹೋಗುವ ಹುಡುಗಿ ಎಲ್ಲರೂ ಸ್ಟಿಕ್ ಹಿಡಿದು ಓಡುವುದನ್ನು ಬೇರೆಲ್ಲಿ ನೋಡುತ್ತೀರಿ? ತೊಪ್ಪಿ, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಹಿಡಿದು ಬನ್ನಿ. ಪಕ್ಕದಲ್ಲಿ ಕೂತ ಅಜ್ಜ ಯಾವ ಮನೆಯವರು ಯಾರಿಗೆ ನೆಂಟರು ಎಂದು ನಿಮಗೆ ತಾನಾಗೇ ಹೇಳುತ್ತಾರೆ.

ಪ್ರಶ್ನೆ: ನಾವು ಇಲ್ಲಿಯವರೇ, ಕುಶಾಲನಗರ. ಊರಿಗೆಲ್ಲ ದಾರಿ ತೋರಿಸುತ್ತೇವೆ, ನಾವು ಮಾತ್ರ ಎಲ್ಲಿಗೂ ಹೋಗಿಲ್ಲ. ಕಾರಿಲ್ಲ, ಬಸ್ಸಿನಲ್ಲಿ ಒಂದು ದಿನಕ್ಕೆ ಹೋಗಿ ಬರಬೇಕು. ಮಕ್ಕಳು 8ನೇ ಮತ್ತು 5ನೇ ತರಗತಿ. ಗಲಾಟೆ ಇಲ್ಲದ ಜಾಗ ಹೇಳಿ ಟೀಚರ್. — ಓದುಗಿ, ಕುಶಾಲನಗರ

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮ ಊರನ್ನು ನಾವೇ ನೋಡದೆ ಹೋಗುತ್ತಿದ್ದೇವೆ ಎಂಬ ಸಂಕಟ ನನ್ನದು ಬಹಳ ವರ್ಷದ್ದು.

ಹತ್ತಿರದಲ್ಲೇ ಬೇಕೆಂದರೆ ಚಿಕ್ಲಿಹೊಳೆ ಇದೆ. ಮಳೆಗಾಲ ಕಳೆದ ಮೇಲೆ ತುಂಬಿದ ಜಲಾಶಯದ ನೀರು ಅರ್ಧಚಂದ್ರದ ಆಕಾರದ ಕಟ್ಟೆ ಮೇಲಿಂದ ಒಳಮುಖವಾಗಿ ಇಳಿಯುವುದನ್ನು ನೋಡಬಹುದು. ಇಲ್ಲವೇ ನಿಮಗೆ ಹತ್ತಿರವಾದ ಒಂದು ದೇವರಕಾಡು. ಕೊಡಗಿನಲ್ಲಿ 1214 ದೇವರಕಾಡುಗಳಿವೆ, ಒಂದಲ್ಲ ಒಂದು ನಿಮ್ಮ ನೆಂಟರ ಊರಿನಲ್ಲೇ ಇರುತ್ತದೆ. ಊರಿನವರನ್ನು ಕೇಳಿ ಹೋಗಿ, ಎಲೆಯನ್ನೂ ಕೀಳದೆ ಬನ್ನಿ.

ಆದರೆ ಒಂದೇ ಜಾಗ ಹೇಳಿ ಎಂದರೆ ನಾನು ಮುಳ್ಳೂರು ಎನ್ನುತ್ತೇನೆ. ಶನಿವಾರ ಹೊರಡಿ. ಕುಶಾಲನಗರದಿಂದ ಸೋಮವಾರಪೇಟೆ, ಅಲ್ಲಿಂದ ಶನಿವಾರಸಂತೆ. ಊರಿಗೆ ಹೆಸರು ತಂದ ಸಂತೆ ಅಂದೇ. ಮಕ್ಕಳು ಸಂತೆ ನೋಡಿ, ಕಡ್ಲೆಪುರಿ ಕಟ್ಟಿಸಿಕೊಂಡು ಆಟೋದಲ್ಲಿ ಮುಳ್ಳೂರಿಗೆ ಹೋಗಲಿ. ಅಲ್ಲಿ ಅಕ್ಕಪಕ್ಕ ಮೂರು ಕಲ್ಲಿನ ಬಸದಿಗಳಿವೆ: ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ. 11ನೇ ಶತಮಾನದಲ್ಲಿ ಈ ಸೀಮೆ ಆಳಿದ ಕೊಂಗಾಳ್ವರ ಕಾಲದವು. ಚೋಳರ ಸಾಮಂತರಾಗಿದ್ದ ಅವರು ಚೋಳರ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. 1058ರ ಶಾಸನದಲ್ಲಿ ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯ ಹೆಸರಿದೆ, ಅವಳ ಗುರು ಗುಣಸೇನ ಪಂಡಿತರ ಹೆಸರಿದೆ. ಕೊಡಗಿನ ಚರಿತ್ರೆ ಎಂದರೆ ಹಾಲೇರಿ ಅರಸರಿಂದಲೇ ಶುರು ಎಂದುಕೊಂಡ ಮಕ್ಕಳಿಗೆ, ಅದಕ್ಕೆ ಐನೂರು ವರ್ಷ ಮೊದಲು ಒಬ್ಬ ಹೆಣ್ಣುಮಗಳು ಇಲ್ಲಿ ಕಲ್ಲಿನಲ್ಲಿ ಹೆಸರು ಬರೆಸಿದ್ದಾಳೆ ಎಂದು ತೋರಿಸಬಹುದು.

ನಾನು ಚಿಕ್ಕವಳಿದ್ದಾಗ ಸಂತೆಗೆ ಬಂದ ಅಜ್ಜಿಯ ಜೊತೆ ಅಲ್ಲಿ ಕೂತು ಬುತ್ತಿ ತಿನ್ನುತ್ತಿದ್ದೆ. ಹೊರಗೆ ಉರಿಬಿಸಿಲು, ಬಾಗಿಲು ದಾಟಿದರೆ ಕಲ್ಲು ತಣ್ಣಗೆ, ಬಾವಲಿ ವಾಸನೆ, ಕಣ್ಣಿಗೆ ಕತ್ತಲು ಒಗ್ಗಲು ಸ್ವಲ್ಪ ಹೊತ್ತು ಬೇಕು. ಟೀಚರಾದ ಮೇಲೆ ಒಂದು ಸಲ 46 ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಆ ದಿನ ನಾನೂ ಆರು ಜಾಗದ ಪಟ್ಟಿ ಹಿಡಿದಿದ್ದೆ. ಮುಳ್ಳೂರಿಗೆ ಕೊಟ್ಟದ್ದು 15 ನಿಮಿಷ. ಬಸ್ಸು ಹೊರಟು ಎರಡು ಮೈಲಿ ಬಂದ ಮೇಲೆ ಎಣಿಸಿದರೆ 45. ಎದೆ ಒಡೆದಂತಾಯಿತು. ಬಸ್ಸು ತಿರುಗಿಸಿ ಓಡಿ ಹೋಗಿ ನೋಡಿದರೆ, 8ನೇ ತರಗತಿಯ ಹುಡುಗಿಯೊಬ್ಬಳು ಪಾರ್ಶ್ವನಾಥನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ನಾವು ಹೋದದ್ದೇ ಅವಳಿಗೆ ಗೊತ್ತಿಲ್ಲ. ಮೂರ್ತಿಯ ತಲೆ ಮೇಲಿನ ಸರ್ಪದ ಹೆಡೆ ಎಷ್ಟು ಎಂದು ಎಣಿಸುತ್ತಿದ್ದಳು. ಕತ್ತಲಲ್ಲಿ ಎರಡು ಸಲ ಲೆಕ್ಕ ತಪ್ಪಿತಂತೆ, ಮೂರನೇ ಸಲ ಮೊದಲಿಂದ ಶುರು ಮಾಡಿದ್ದಳು. ಬೈಯಬೇಕೆಂದು ಬಾಯಿ ತೆರೆದವಳು ಅವಳ ಪಕ್ಕದಲ್ಲಿ ಕೂತೆ. ಇಬ್ಬರೂ ಸೇರಿ ಎಣಿಸಿದೆವು. ಆ ದಿನ ಉಳಿದ ಎರಡು ಜಾಗಕ್ಕೆ ಹೋಗಲಿಲ್ಲ.

ಹೆಡೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಒಳಗೆ ಬೆಳಕು ಕಡಿಮೆ, ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯವರನ್ನು ಕೇಳಿ. ನಿಮ್ಮ ಎರಡು ಮಕ್ಕಳೂ ಬೇರೆ ಬೇರೆ ಎಣಿಸಲಿ, ಲೆಕ್ಕ ಹೊಂದಿದ ಮೇಲೆ ಅವರ ಕೈಯಲ್ಲೇ ನನಗೊಂದು ಕಾರ್ಡ್ ಬರೆಸಿ.